ಹೇರ್ಲೂಮ್ ಸಿಹಿ ಮೆಣಸಿನಕಾಯಿ ಬೀಜದ ಸೆಟ್: ನಾಲ್ಕರಲ್ಲಿ ಎರಡಕ್ಕೆ ದುಡ್ಡು ಕೊಡಬಹುದು

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸೆಟ್ಟಿನ ನಾಲ್ಕು ತಳಿಗಳಲ್ಲಿ ಜಿಮ್ಮಿ ನಾರ್ಡೆಲ್ಲೋ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಕಾರ್ನೋ ಡಿ ಟೋರೋ ಕೂಡ ತೆಗೆದುಕೊಳ್ಳಿ, ಆದರೆ ಮಾರುವವರಿಗೆ ಒಂದು ಪ್ರಶ್ನೆ ಕೇಳಿ ಆಮೇಲೆ. ಅದು ಏನು ಅಂತ ಕೆಳಗೆ ಬರೆದಿದ್ದೇನೆ. ಕ್ಯಾಲಿಫೋರ್ನಿಯಾ ವಂಡರ್ ಮತ್ತು ಪರ್ಪಲ್ ಬ್ಯೂಟಿ, ಅಂದರೆ ನಮ್ಮ ಮಾಮೂಲಿ ದೊಣ್ಣೆ ಮೆಣಸಿನಕಾಯಿ ಆಕಾರದ ಎರಡೂ, ತಾರಸಿ ಮೇಲಿನ ಕುಂಡಕ್ಕೆ ಬೇಡ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಬೀಜಕ್ಕೆ ನಾಲ್ಕು ಕೊಡಬಹುದಿತ್ತು, ಮಾರಿದವರ ಉತ್ತರಕ್ಕೆ ಒಂದು ಕಡಿತ.

ಇದು ಆನ್‌ಲೈನ್‌ನಲ್ಲಿ ತರಿಸಿದ ನಾಲ್ಕು ಪ್ಯಾಕೆಟ್‌ಗಳ ಸೆಟ್. ಹೇರ್ಲೂಮ್ ಅಂದರೆ ತಲೆಮಾರಿನಿಂದ ಬೀಜ ಉಳಿಸಿಕೊಂಡು ಬಂದ ಹಳೆಯ ತಳಿ. ಮಾರುವವರ ಹೆಸರು ಹಾಕುವುದಿಲ್ಲ. ಮನೆಯಿಂದಲೇ ನಡೆಸುವ ಸಣ್ಣ ವ್ಯಾಪಾರ, ನನ್ನ ಒಂದು ದೂರಿನಿಂದ ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಪ್ಯಾಕಿಂಗ್ ಚೆನ್ನಾಗಿತ್ತು. ಜಿಪ್ ಕವರ್, ಒಳಗೆ ಬೆಣ್ಣೆ ಕಾಗದದಲ್ಲಿ ಬೀಜ, ಮೇಲೆ ಬಣ್ಣದ ಚಿತ್ರ. ಆದರೆ ಬೀಜ ಯಾವ ವರ್ಷದ್ದು ಅಂತ ಬರೆದಿರಲಿಲ್ಲ. ಮೆಣಸಿನಕಾಯಿ ಬೀಜ ತಂಪಾದ ಒಣ ಜಾಗದಲ್ಲಿ ಇಟ್ಟರೆ ಎರಡು ಮೂರು ವರ್ಷ ಬಾಳುತ್ತದೆ, ಆಮೇಲೆ ಮೊಳಕೆ ಕಡಿಮೆಯಾಗುತ್ತ ಹೋಗುತ್ತದೆ. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ವರ್ಷ ಒಂದು ಬರೆಯೋದಕ್ಕೆ ಏನು ಕಷ್ಟ?

ಮೊಳಕೆ ವಿಷಯದಲ್ಲಿ ದೂರಿಲ್ಲ. ಟೊಮೇಟೊ ಥರ ಬೇಗ ಬರುವುದಿಲ್ಲ, ಅಷ್ಟೇ. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಒಂದೂವರೆ ವಾರದ ಆಸುಪಾಸಿನಲ್ಲಿ ತಲೆ ಎತ್ತುತ್ತದೆ, ತಣ್ಣಗಿದ್ದರೆ ಮೂರು ವಾರ ಸತಾಯಿಸುತ್ತದೆ. ಆಗಸ್ಟ್ ಕೊನೆಯಲ್ಲಿ ಬಿತ್ತಿದರೆ ಟ್ರೇಯನ್ನು ಫ್ರಿಜ್ ಮೇಲೆ ಇಡಿ, ಅಲ್ಲಿ ಬಿಸಿ ಇರುತ್ತದೆ. ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಒಂದು ಹಿಡಿ ಎರೆಹುಳ ಗೊಬ್ಬರ ಸಾಕು. ನೀರು ಜಾಸ್ತಿ ಹಾಕಿದರೆ ಸಸಿ ಬುಡದಲ್ಲೇ ಕೊಳೆತು ಮಲಗಿಬಿಡುತ್ತದೆ, ಎಷ್ಟೋ ಜನ ಬೀಜ ಸರಿ ಇಲ್ಲ ಅಂತ ಒಂದು ಸ್ಟಾರ್ ಕೊಡುವುದು ಇದಕ್ಕೇ.

ಬಿತ್ತುವ ಕಾಲದ ಬಗ್ಗೆ ಪ್ಯಾಕೆಟ್ ಮೇಲೆ 'ವರ್ಷಪೂರ್ತಿ' ಅಂತ ಹಾಕಿದ್ದಾರೆ. ಅದು ಸುಳ್ಳು. ಹಗಲು 32 ಡಿಗ್ರಿ ದಾಟಿದರೆ ಈ ಗಿಡದ ಹೂವು ಕಾಯಿ ಕಚ್ಚದೆ ಉದುರುತ್ತದೆ. ನಮ್ಮ ಬೆಂಗಳೂರಲ್ಲಿ ಏಪ್ರಿಲ್ ಬಂದರೆ 34, 35 ಮಾಮೂಲಿ, ಅದರ ಮೇಲೆ ತಾರಸಿಯ ಕಾಂಕ್ರೀಟ್ ಕಾವು ಬೇರೆ. ಜನವರಿಯಲ್ಲಿ ಬಿತ್ತಿದವರು ಏಪ್ರಿಲ್ ಪೂರ್ತಿ ಹೂವು ಗುಡಿಸುತ್ತಾ ಇರುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಸಸಿ ಎದ್ದಿರಬೇಕು, ದಸರಾ ಹೊತ್ತಿಗೆ ಕುಂಡಕ್ಕೆ ಹೋಗಿರಬೇಕು, ಆಗ ದೀಪಾವಳಿ ಕಳೆದ ಮೇಲೆ ಹೂವು ಬಂದು ಡಿಸೆಂಬರ್, ಜನವರಿಯ ತಂಪಲ್ಲಿ ಕಾಯಿ ತುಂಬಿಕೊಳ್ಳುತ್ತದೆ. ರಾತ್ರಿ ಚಳಿಗೆ ಹಣ್ಣಾಗುವುದು ಸ್ವಲ್ಪ ನಿಧಾನ, ಆದರೆ ಉದುರುವುದಿಲ್ಲ.

ಈಗ ಒಂದೊಂದಾಗಿ.

ಕ್ಯಾಲಿಫೋರ್ನಿಯಾ ವಂಡರ್ 1928ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ತಳಿ. ನಾಲ್ಕು ಹಾಲೆಯ, ದಪ್ಪ ಗೋಡೆಯ ದೊಣ್ಣೆ ಮೆಣಸಿನಕಾಯಿ. ಹೊಲದಲ್ಲಿ ಇದು ಒಳ್ಳೆಯ ತಳಿಯೇ ಇರಬಹುದು. ತಾರಸಿಯಲ್ಲಿ ಮಾತ್ರ ಗೋಳು. ಗಿಡಕ್ಕೆ ಬೆರಳೆಣಿಕೆಯಷ್ಟು ಕಾಯಿ, ಅದರಲ್ಲಿ ಕೆಲವಕ್ಕೆ ತಳದಲ್ಲಿ ಕಂದು ಮಚ್ಚೆ ಬಂದು ಚರ್ಮದ ಹಾಗೆ ಒಣಗಿತು. ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ, ಅದು ರೋಗ ಅಲ್ಲ. ಒಂದು ದಿನ ಕುಂಡ ಒಣಗಿ ಮಾರನೇ ದಿನ ತೇಲುವಷ್ಟು ನೀರು ಸಿಕ್ಕರೆ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ, ಆಗ ಹೀಗಾಗುತ್ತದೆ. ಮೊಟ್ಟೆ ಸಿಪ್ಪೆ ಪುಡಿ ಹಾಕಿ ಅನ್ನುವವರು ಬೇಕಾದಷ್ಟಿದ್ದಾರೆ. ಅದು ಮಣ್ಣಲ್ಲಿ ಕರಗುವಷ್ಟರಲ್ಲಿ ಗಿಡದ ಆಯಸ್ಸೇ ಮುಗಿದಿರುತ್ತದೆ. ನೀರು ಒಂದೇ ಸಮ ಹಾಕಿ, ಸಾಕು. ಉಳಿದ ಕಾಯಿ ಕೆಂಪಾಗಲಿ ಅಂತ ಬಿಟ್ಟರೆ ಬಿಸಿಲು ಬಿದ್ದ ಪಕ್ಕದಲ್ಲಿ ಬಿಳಿ ಕಲೆ. ಶೇಡ್ ನೆಟ್ ಇಲ್ಲದಿದ್ದರೆ ಇದು ತಪ್ಪಿದ್ದಲ್ಲ. ಕಡೆಗೆ ಹಸಿರಲ್ಲೇ ಕಿತ್ತು ಪಲ್ಯ ಮಾಡಿದ್ದಾಯಿತು. ಹುರಿಗಡಲೆ ಪುಡಿ ಉದುರಿಸಿದ ಮೇಲೆ ಗಾಂಧಿ ಬಜಾರಿನದ್ದಕ್ಕೂ ಇದಕ್ಕೂ ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ.

ಹಸಿರು ದೊಣ್ಣೆ ಮೆಣಸಿನಕಾಯಿಯೇ ಬೇಕು, ಬೀಜವನ್ನೂ ಉಳಿಸಿಕೊಳ್ಳಬೇಕು ಅನ್ನುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಗೌರವ್ ಅಥವಾ ಅರ್ಕಾ ಮೋಹಿನಿ ವಿಚಾರಿಸಿ. ಅರ್ಕಾ ಗೌರವ್ ಅನ್ನು ಗೋಲ್ಡನ್ ಕ್ಯಾಲಿಫೋರ್ನಿಯಾ ವಂಡರ್‌ನಿಂದಲೇ ಆರಿಸಿ ತೆಗೆದದ್ದು, ಅದೂ ನಮ್ಮ ಬೆಂಗಳೂರಿನ ಮಣ್ಣಿನಲ್ಲೇ. ಇವು ಹೈಬ್ರಿಡ್ ಅಲ್ಲ, ಬೀಜ ತೆಗೆದಿಟ್ಟರೆ ಮುಂದಿನ ವರ್ಷವೂ ಅದೇ ಕಾಯಿ. ಅಮೆರಿಕದ ಅಜ್ಜನ ಬೀಜ ಅಂತ ಕಥೆ ಇಲ್ಲ ಅನ್ನುವುದೊಂದು ಬಿಟ್ಟರೆ ಬೇರೆ ಕೊರತೆ ಇಲ್ಲ.

ಪರ್ಪಲ್ ಬ್ಯೂಟಿ ಫೋಟೋಗೆ ಅಷ್ಟೇ. ಗಿಡ ಕುಳ್ಳಗೆ ಚೆನ್ನಾಗಿ ಬರುತ್ತದೆ, ಬದನೆಕಾಯಿ ಬಣ್ಣದ ಕಾಯಿ ನೋಡಿ ನೆಂಟರೆಲ್ಲ ಮೊಬೈಲ್ ತೆಗೆಯುತ್ತಾರೆ. ಬಣ್ಣ ಇರುವುದು ಸಿಪ್ಪೆಯಲ್ಲಿ ಮಾತ್ರ, ಹೆಚ್ಚಿದರೆ ಒಳಗೆಲ್ಲ ಹಸಿರು. ಒಗ್ಗರಣೆಗೆ ಬಿದ್ದ ಕೂಡಲೇ ನೇರಳೆ ಮಾಯವಾಗಿ ಮಂಕು ಹಸಿರಾಗುತ್ತದೆ. ಕೋಸಂಬರಿಗೆ ಹಸಿಯಾಗಿ ಹಾಕುವುದಾದರೆ ಸರಿ.

ಜಿಮ್ಮಿ ನಾರ್ಡೆಲ್ಲೋ ಬೇರೆಯೇ ಲೆಕ್ಕ. ದಕ್ಷಿಣ ಇಟಲಿಯ ಬಾಸಿಲಿಕಾಟಾದಲ್ಲಿ ರುವೋಟಿ ಅಂತ ಒಂದು ಊರು. ಅಲ್ಲಿಂದ ಜುಸೆಪ್ಪೆ ಮತ್ತು ಆಂಜೆಲಾ ನಾರ್ಡೆಲ್ಲೋ ಅನ್ನುವ ದಂಪತಿ 1887ರಲ್ಲಿ ಅಮೆರಿಕದ ಕನೆಕ್ಟಿಕಟ್‌ಗೆ ಹೋಗಿ ನೆಲೆಸಿದರು, ಹೋಗುವಾಗ ಈ ಬೀಜವನ್ನು ಜೊತೆಗೆ ಒಯ್ದಿದ್ದರು. ಮಗ ಜಿಮ್ಮಿ ಅದನ್ನು ಜೀವಮಾನವಿಡೀ ಬೆಳೆದು 1983ರಲ್ಲಿ ತೀರಿಕೊಳ್ಳುವ ಮೊದಲು ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಅನ್ನುವ ಬೀಜ ಉಳಿಸುವ ಸಂಸ್ಥೆಗೆ ಕೊಟ್ಟರು. ಅದಿಲ್ಲದಿದ್ದರೆ ಆ ಮನೆಯವರ ಜೊತೆಗೇ ಮುಗಿದುಹೋಗಬಹುದಾಗಿದ್ದ ತಳಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಹೀಗೆ ರೈತರು ಮನೆಯಲ್ಲಿ ಬೀಜ ಇಟ್ಟುಕೊಂಡು ಉಳಿಸಿದ್ದೇ ಅಲ್ವಾ, 2011ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದ್ದು ಆಮೇಲಿನ ಮಾತು.

ನಾರ್ಡೆಲ್ಲೋ ಕಾಯಿ ನೋಡಿದರೆ ಯಾರೂ ಸಿಹಿ ಅನ್ನುವುದಿಲ್ಲ. ಗೇಣುದ್ದ, ತೆಳ್ಳಗೆ, ಸುಕ್ಕು ಸುಕ್ಕಾಗಿ ತಿರುಚಿಕೊಂಡು, ಹಣ್ಣಾದಾಗ ಕಡುಗೆಂಪು. ಒಂದು ಗಿಡದಲ್ಲಿ ಕೊಂಬೆ ಬಾಗುವಷ್ಟು. ಅಮ್ಮ ಮೊದಲ ಸಲ ನೋಡಿ, "ಏನೇ ಇದು, ಇಷ್ಟೊಂದು ಖಾರದ್ದು ಯಾರು ತಿಂತಾರೆ, ಉಪ್ಪಿನಕಾಯಿ ಹಾಕ್ತೀಯಾ?" ಅಂದರು. ಒಂದನ್ನು ಕಿತ್ತು ಅವರ ಎದುರೇ ಹಸಿಯಾಗಿ ಕಚ್ಚಿ ತಿಂದೆ. ನಂಬದೆ ತುದಿ ಮಾತ್ರ ಮುರಿದು ನಾಲಿಗೆಗೆ ಇಟ್ಟುಕೊಂಡರು, ಆಮೇಲೆ ಕೆಳಗಿಳಿಯುವಷ್ಟರಲ್ಲಿ ಮೂರು ಖಾಲಿ.

ಇದರ ಗೋಡೆ ತೆಳು, ಅದೇ ಅನುಕೂಲ. ಬೇಗ ಹಣ್ಣಾಗುತ್ತದೆ, ಕಚ್ಚಿದ ಕಾಯಿ ಉಳಿಯುತ್ತದೆ, ಹನ್ನೆರಡು ಇಂಚಿನ ಗ್ರೋ ಬ್ಯಾಗ್ ಸಾಕು. ಕಬ್ಬಿಣದ ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ, ಕಾಯಿಯನ್ನು ಇಡಿಯಾಗಿ ಹಾಕಿ, ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಗುಳ್ಳೆ ಏಳುವವರೆಗೆ ಹೊರಳಿಸಿ ಉಪ್ಪು ಉದುರಿಸಿ. ಬಿಸಿ ಅನ್ನ, ತಿಳಿಸಾರಿನ ಜೊತೆ ನೆಂಚಿಕೊಳ್ಳಲು ಇದಕ್ಕಿಂತ ಬೇರೆ ಬೇಡ. ಬಾಸಿಲಿಕಾಟಾದವರು ಸಿಹಿ ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿ ಒಣಗಿಸಿ, ಎಣ್ಣೆಯಲ್ಲಿ ಕ್ಷಣ ಹೊತ್ತು ಕರಿದು ಗರಿಗರಿಯಾಗಿ ತಿನ್ನುತ್ತಾರೆ, ಸೆನಿಸೆ ಊರಿನ ಮೆಣಸಿನಕಾಯಿ ಅದಕ್ಕೆ ಹೆಸರುವಾಸಿ. ನಾವು ಬಾಳಕದ ಮೆಣಸಿನಕಾಯಿ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಫೆಬ್ರವರಿ ಬಿಸಿಲಲ್ಲಿ ಮೊಸರು, ಉಪ್ಪು ಸವರಿ ಒಣಗಿಸಿದೆ. ಕರಿಯುವಾಗ ಹುಷಾರು, ಇದರಲ್ಲಿ ಸಕ್ಕರೆ ಅಂಶ ಜಾಸ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ. ದಪ್ಪ ದೊಣ್ಣೆ ಮೆಣಸಿನಕಾಯಿಯಲ್ಲಿ ಇದನ್ನು ಮಾಡಲು ಹೋಗಬೇಡಿ, ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ.

ಕಾರ್ನೋ ಡಿ ಟೋರೋ ಅಂದರೆ ಹೋರಿಯ ಕೊಂಬು, ಆಕಾರವೂ ಹಾಗೇ. ಇದೂ ಇಟಲಿಯದ್ದು. ಗೇಣಿಗಿಂತ ಉದ್ದ, ಭುಜದ ಹತ್ತಿರ ದಪ್ಪ, ತುದಿ ಚೂಪು. ಗಿಡ ಎತ್ತರ ಹೋಗುತ್ತದೆ, ಕೊಂಬೆ ಬಲು ಪೆಳಸು, ಕೋಲು ಕಟ್ಟದಿದ್ದರೆ ಒಂದೇ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಇದಕ್ಕೆ ಹದಿನೈದು ಇಂಚಿನ ಬ್ಯಾಗ್ ಬೇಕು. ಹಸಿರಿದ್ದಾಗ ಬಜ್ಜಿ ಮಾಡಿ, ಖಾರ ತಿನ್ನದ ಮಕ್ಕಳಿಗೂ ಕೊಡಬಹುದು. ಕೆಂಪಾದ ಮೇಲೆ ಗ್ಯಾಸ್ ಉರಿಯಲ್ಲೇ ಸುಟ್ಟು, ಪಾತ್ರೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಸಿಪ್ಪೆ ಸುಲಿದು, ಗಟ್ಟಿ ಮೊಸರಿಗೆ ಕಿವುಚಿ ಹಾಕಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಬದನೆಕಾಯಿ ಮೊಸರು ಬಜ್ಜಿ ಮಾಡುವವರಿಗೆ ಕೈ ತಾನಾಗಿ ಓಡುತ್ತದೆ. ರುಚಿ ಮಾತ್ರ ಬೇರೆ, ಸುಟ್ಟ ವಾಸನೆ ಜೊತೆ ಹಣ್ಣಿನ ಸಿಹಿ.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ತಾರಸಿಗೆ ಅಳಿಲು ಬರುತ್ತವೆ. ಹಸಿರು ಕಾಯಿ ಮುಟ್ಟುವುದಿಲ್ಲ, ಕೆಂಪಾದ ದಿನವೇ ತೊಟ್ಟಿನ ಹತ್ತಿರ ತೂತು ಕೊರೆದು ಬೀಜವನ್ನೆಲ್ಲ ತಿಂದು ಸಿಪ್ಪೆ ಬಿಟ್ಟು ಹೋಗುತ್ತವೆ. ಕಾರ್ನೋ ಗಿಡಗಳಲ್ಲಿ ಒಂದನ್ನು ಮಾತ್ರ ಬಿಟ್ಟಿದ್ದವು. ಪಕ್ಕದ ಗಿಡದ ಹಣ್ಣೆಲ್ಲ ಸೂರೆ, ಇದರಲ್ಲಿ ಕೆಂಪು ಕಾಯಿ ಹಾಗೇ ನೇತಾಡುತ್ತಿವೆ. ಹತ್ತಿರ ಹೋಗಿ ನೋಡಿದರೆ ಒಂದರ ಮೇಲೆ ಎರಡು ಸಣ್ಣ ಹಲ್ಲಿನ ಗೆರೆ, ಅಷ್ಟಕ್ಕೇ ಕೈಬಿಟ್ಟಿದೆ. ಕಾಯಿ ಉಳಿದವಕ್ಕಿಂತ ಸ್ವಲ್ಪ ಸಣ್ಣ, ತುದಿ ಇನ್ನೂ ಚೂಪು. ಹೆಚ್ಚಿ ಬೀಜ ಅಂಟಿಕೊಂಡಿರುವ ಬಿಳಿ ದಿಂಡನ್ನು ನಾಲಿಗೆಗೆ ಮುಟ್ಟಿಸಿದೆ. ಹತ್ತಿತು ನೋಡಿ, ಕಿವಿಯವರೆಗೆ. ಮೊಸರು ಅನ್ನಕ್ಕೆ ಓಡಬೇಕಾಯಿತು. ಗಿಳಿ, ಪಿಕಳಾರ ಆಗಿದ್ದರೆ ತಿಂದುಬಿಡುತ್ತಿದ್ದವು. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಟ್ಟುವುದಿಲ್ಲ, ಅಳಿಲಿಗೆ ನಮ್ಮ ಹಾಗೇ ಉರಿಯುತ್ತದೆ.

ಮಾರಿದವರಿಗೆ ಫೋಟೋ ಸಮೇತ ವಾಟ್ಸಾಪ್ ಮಾಡಿದೆ. ಬಂದ ಉತ್ತರ: "ಮೇಡಂ, ನೀವು ಪಕ್ಕದಲ್ಲಿ ಹಸಿಮೆಣಸಿನಕಾಯಿ ಗಿಡ ಇಟ್ಟಿರ್ತೀರಿ. ಜೇನುಹುಳ ಪರಾಗ ತಂದು ಹಾಕಿದೆ, ಅದಕ್ಕೆ ನಿಮ್ಮ ಕಾಯಿ ಖಾರ ಆಗಿದೆ. ಬೀಜದ್ದು ಏನೂ ತಪ್ಪಿಲ್ಲ."

ಇದು ತುಂಬಾ ಕಡೆ ಕೇಳಿಬರುವ ಮಾತು, ಕೇಳಲು ಸರಿ ಅನಿಸುತ್ತದೆ ಕೂಡ. ಆದರೆ ತಪ್ಪು. ಕಾಯಿಯ ಗೋಡೆ, ಒಳಗಿನ ಬಿಳಿ ದಿಂಡು ಎಲ್ಲ ತಾಯಿ ಗಿಡದ ಭಾಗ. ಹೊರಗಿನ ಪರಾಗ ಬಿದ್ದರೆ ಬದಲಾಗುವುದು ಒಳಗಿರುವ ಬೀಜ ಮಾತ್ರ. ಖಾರ ತಯಾರಾಗುವುದು ಆ ದಿಂಡಿನಲ್ಲಿ, ಬೀಜದಲ್ಲಿ ಅಲ್ಲ. ಹಾಗಾಗಿ ಈ ವರ್ಷ ನನ್ನ ಸಿಹಿ ಗಿಡದ ಹೂವಿಗೆ ಗುಂಟೂರು ಮೆಣಸಿನಕಾಯಿಯ ಪರಾಗವೇ ಬಿದ್ದರೂ ಈ ವರ್ಷದ ಕಾಯಿ ಸಿಹಿಯೇ. ಅದರ ಬೀಜ ಬಿತ್ತಿ ಬೆಳೆದ ಮುಂದಿನ ಗಿಡ ಮಾತ್ರ ಖಾರ ಆಗುತ್ತದೆ, ಯಾಕೆಂದರೆ ಖಾರದ ಗುಣ ಪ್ರಬಲ, ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು. ಅಂದರೆ ಬೆರಕೆ ಆಗಿದ್ದು ಹಿಂದಿನ ಸುಗ್ಗಿಯಲ್ಲಿ, ಬೀಜ ತೆಗೆದವರ ತೋಟದಲ್ಲಿ. ಪೂರ್ತಿ ಗಿಡ ಖಾರ, ಪಕ್ಕದ ಗಿಡಗಳೆಲ್ಲ ಸಿಹಿ, ಇದಕ್ಕಿಂತ ಸಾಕ್ಷಿ ಬೇಕೇ?

ಇಷ್ಟನ್ನೂ ಬರೆದು ಕಳಿಸಿದ ಮೇಲೆ ಒಂದು ದಿನ ಸದ್ದಿಲ್ಲ, ಆಮೇಲೆ ಮುಂದಿನ ಖರೀದಿಗೆ ಡಿಸ್ಕೌಂಟ್ ಕೂಪನ್ ಬಂತು. ತಪ್ಪಾಯಿತು ಅನ್ನುವ ಒಂದು ಸಾಲು ಇಲ್ಲ. ಬೆರಕೆ ಆಗುವುದು ಸಹಜ, ಅದಕ್ಕೆ ನಾನು ಸ್ಟಾರ್ ಕಿತ್ತುಕೊಂಡಿಲ್ಲ. ಗಿರಾಕಿಯ ತಲೆಗೇ ಕಟ್ಟಲು ನೋಡಿದ್ದಕ್ಕೆ ಕಿತ್ತುಕೊಂಡೆ.

ಮೇಲೆ ಹೇಳಿದ ಪ್ರಶ್ನೆ ಇದೇ: "ಈ ಬೀಜ ಎಲ್ಲಿ ಬೆಳೆದಿದ್ದು, ಹೂವಿಗೆ ಚೀಲ ಕಟ್ಟಿದ್ದಿರಾ, ಖಾರದ ಗಿಡ ಎಷ್ಟು ದೂರ ಇತ್ತು?" ಸ್ವಂತ ಬೆಳೆದವರು ತಕ್ಷಣ ಹೇಳುತ್ತಾರೆ, ಬೇರೆ ಕಡೆಯಿಂದ ತಂದು ಪೊಟ್ಟಣ ಕಟ್ಟುವವರು 'ಹಂಡ್ರೆಡ್ ಪರ್ಸೆಂಟ್ ಒರಿಜಿನಲ್ ಮೇಡಂ' ಅನ್ನುತ್ತಾರೆ.

ನೀವೇ ಬೀಜ ಇಟ್ಟುಕೊಳ್ಳುವುದಾದರೆ ದುಬಾರಿ ಸಾಮಾನೇನೂ ಬೇಡ. ಮದುವೆ, ಗೃಹಪ್ರವೇಶದಲ್ಲಿ ತಾಂಬೂಲ ಹಾಕಿಕೊಡುವ ಜಾಲರಿ ಪೌಚ್ ಮನೆಯಲ್ಲಿ ರಾಶಿ ಬಿದ್ದಿರುತ್ತವೆ, ಅಲ್ವಾ. ಜೇನುಹುಳ ಹೊರಗಿನ ಪರಾಗ ತರದ ಹಾಗೆ ಮೊಗ್ಗು ಅರಳುವ ಮೊದಲೇ ಅದನ್ನು ತೊಡಿಸಿ ದಾರ ಎಳೆಯಿರಿ. ಮೆಣಸಿನಕಾಯಿ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಚ್ಚುತ್ತದೆ, ಬೆಳಗ್ಗೆ ಬೆರಳಿಂದ ಕೊಂಬೆಯನ್ನು ಮೆಲ್ಲಗೆ ತಟ್ಟಿದರೆ ಆಯಿತು. ಕಾಯಿ ಕಡಲೆ ಗಾತ್ರ ಆದ ಮೇಲೆ ಪೌಚ್ ತೆಗೆದು ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟಿ, ಅಡುಗೆಗೆ ಕಿತ್ತುಬಿಡದಂತೆ ಮನೆಯವರಿಗೂ ಹೇಳಿ. ಕಾಯಿ ಕೆಂಪಾಗುವಾಗ ಮತ್ತೆ ಪೌಚ್ ಹಾಕಿ, ಈ ಸಲ ಅಳಿಲಿಗೆ. ಪೂರ್ತಿ ಕೆಂಪಾಗಿ ಮೆತ್ತಗಾದ ಮೇಲೆ ಬೀಜ ಬಿಡಿಸಿ ನೆರಳಲ್ಲಿ ಒಣಗಿಸಿ. ಬಾಗಿಸಿದರೆ ಬಾಗದೆ ಪಟ್ ಅಂತ ಮುರಿಯಬೇಕು, ಅಲ್ಲಿಯವರೆಗೆ ಡಬ್ಬಿಗೆ ಹಾಕಬೇಡಿ.

ರೋಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಾಲ್ಕೂ ತಳಿಗೆ ಎಲೆ ಮುಟುರು ಬಂತು, ಹೇರ್ಲೂಮ್ ಅಂದ ಮಾತ್ರಕ್ಕೆ ಗಟ್ಟಿ ಗಿಡ ಅಂತ ಅಲ್ಲ. ಎಲೆ ಮೇಲ್ಮುಖವಾಗಿ ದೋಣಿ ಥರ ಮಡಚಿದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ, ಕೆಳಮುಖವಾಗಿ ಮುದುಡಿದರೆ ನುಸಿ. ಬೇವಿನ ಎಣ್ಣೆಗೆ ಸ್ವಲ್ಪ ಸೋಪು ನೀರು ಸೇರಿಸಿ ಸಂಜೆ ಹೊತ್ತಲ್ಲಿ ಎಲೆಯ ಅಡಿಗೆ ತಾಗುವ ಹಾಗೆ ಹೊಡೆಯಿರಿ, ವಾರಕ್ಕೊಮ್ಮೆ, ಕಾಣಿಸಿಕೊಂಡ ಮೇಲಲ್ಲ, ಮೊದಲಿಂದಲೇ. ತುಂಬಾ ಮುದುಡಿದ ಗಿಡದ ಮೇಲೆ ಪ್ರೀತಿ ಬೇಡ, ಕಿತ್ತು ಹಾಕಿ.

ನೀರಿನ ಮಾತು ಬಂದರೆ, 2024ರ ಬೇಸಿಗೆಯಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಬೇಕು. ಆಗಿನಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನೇರ ಬಕೆಟ್ಟಿಗೆ. ಆರ್‌ಓ ಯಂತ್ರದ ವೇಸ್ಟ್ ನೀರನ್ನು ಮಾತ್ರ ದಿನಾ ಹಾಕಬೇಡಿ, ಅದರಲ್ಲಿ ಉಪ್ಪು ಜಾಸ್ತಿ, ಕುಂಡದಲ್ಲಿ ಸೇರಿಕೊಂಡು ಎಲೆಯ ಅಂಚು ಸುಡುತ್ತದೆ. ಮಣ್ಣಿನ ಮೇಲೆ ಒಣ ತರಗೆಲೆ ಹಾಸಿದರೆ ಅರ್ಧ ನೀರು ಉಳಿಯುತ್ತದೆ.

ಬೆಲೆ ಜಾಸ್ತಿಯೇ. ಲಾಲ್‌ಬಾಗ್ ನರ್ಸರಿಯಲ್ಲಿ ಮಾಮೂಲಿ ತರಕಾರಿ ಬೀಜ ತೆಗೆದುಕೊಂಡು ಅಭ್ಯಾಸ ಇದ್ದವರಿಗೆ ಇಷ್ಟು ಚಿಕ್ಕ ಪೊಟ್ಟಣಕ್ಕೆ ಇಷ್ಟಾ ಅನಿಸುತ್ತದೆ. ಒಂದು ಸಲ ಕೊಟ್ಟು ಬೀಜ ಉಳಿಸಿಕೊಂಡರೆ ಸರಿಹೋಗುತ್ತದೆ, ಪ್ರತಿ ವರ್ಷ ಕೊಳ್ಳುವುದಾದರೆ ದಂಡ. ಸೆಟ್ ತೆಗೆದುಕೊಳ್ಳಲೇಬೇಡಿ, ಅವರೇ ಬಿಡಿ ಪ್ಯಾಕೆಟ್ ಕೂಡ ಮಾರುತ್ತಾರೆ, ವೆಬ್‌ಸೈಟಿನಲ್ಲಿ ತುಂಬಾ ಕೆಳಗೆ ಇದೆ. ಕೂಪನ್ನನ್ನು ನಾನು ಬಳಸಲಿಲ್ಲ. ಈ ಸಲದ ನಾರ್ಡೆಲ್ಲೋ ಬೀಜ ಡಬ್ಬಿಯಲ್ಲಿದೆ, ಕಾರ್ನೋ ಮಾತ್ರ ಬೇರೆಯವರ ಹತ್ತಿರ ಕೇಳಿದ್ದೇನೆ, ಹೂವಿಗೆ ಚೀಲ ಕಟ್ಟಿದ ಫೋಟೋ ಕಳಿಸಿ ಆಮೇಲೆ ದುಡ್ಡು ಹಾಕುತ್ತೇನೆ ಅಂತ ಹೇಳಿದ್ದೇನೆ.